ಸೋಮವಾರ ಹೂಡಿದ ಲಾರಿ

ಲಾರಿ ತಗೋತೇನಿ ಅಂದ್ರ ತಗೋ, ಯಾರು ಬ್ಯಾಡ ಅಂತಾರ? ಆದರ ನಮ್ಮ ಹೊಳೆಪ್ಪ ತಗೋತೇನಿ ಅಂತ ಹಟಾ ಹಿಡದು ಕುಂತದ್ದು ಯಾವ ಲಾರಿ? ನಮ್ಮ ಶಿವಗಂಗವ್ವನ ಗಂಡನ್ನ ತಿಂದ ಲಾರಿ. ಕೇಳಿದ ಕೂಡ್ಲೆ ನನ್ನ ಮೈಯೆಲ್ಲಾ ಉರೀತು. ಕೈಗಿ ರೊಟ್ಟಿ ಹಿಟ್ಟು ಮೆತ್ತಿತ್ತು, ಇಲ್ಲಂದ್ರ ಅವತ್ತ ಅವನ ಕಪಾಳ ಉಳೀತಿರಲಿಲ್ಲ.

ನಾವು ಒಡಹುಟ್ಟಿದವರು ಮೂರು ಮಂದಿ. ನಾ ತಂಗೆವ್ವ, ಹಿರ್ಯಾಕಿ. ಹುಟ್ಟಿದ್ದೂ ರಬಕವಿ, ಕೊಟ್ಟದ್ದೂ ರಬಕವಿ. ನಡುವಿನಾಕಿ ಶಿವಗಂಗವ್ವನ್ನ ಜಮಖಂಡಿಗಿ ಕೊಟ್ಟಿದ್ವಿ. ಕಡೀಕಿನಾಂವ ಈ ಹೊಳೆಪ್ಪ. ಅಪ್ಪ ಅವ್ವ ಹೋದ ಮ್ಯಾಲೆ ಇಬ್ಬರಿಗೂ ನನ್ನ ಮನೀನ ತವರು. ಹೊಳೆಪ್ಪ ದೊಡ್ಡ ಯುದ್ಧದಾಗ ಆಸಾಮದ ಕಡೆ ಮಿಲಿಟರಿ ಲಾರಿ ಹೊಡದು ಬಂದಾಂವ. ಬಂದ ಮ್ಯಾಲೆ ಮಗ್ಗಕ್ಕ ಕುಂಡ್ರೋ ಅಂದ್ರ ಕುಂಡ್ರವಲ್ಲ. ಬಾಯಿ ತೆರದ್ರ ಹಿಂದಿ, ಆಸಾಮದ ಗುಡ್ಡ, ಅಲ್ಲಿ ಕೆಸರಾಗ ಲಾರಿ ಹೆಂಗ ಎತ್ತಿದ್ವಿ ಅನ್ನೂ ಪುರಾಣ. ರಬಕವಿ ಸೀರಿ ಗಂಟು ಎತ್ತಿನ ಗಾಡ್ಯಾಗ ತೆವಳಕೋತ ಕುಡಚಿ ಟೇಸನ್ನಿಗಿ ಹೋಗತಾವ, ಒಂದು ಲಾರಿ ಇದ್ರ ನಾ ಮುಂಜಾನೆ ಹೋಗಿ ಊಟದ ಹೊತ್ತಿಗಿ ತಿರುಗಿ ಬರ್ತೇನಿ ಅಂತ ಅವನ ಲೆಕ್ಕ. ಅದು ಸುಳ್ಳಲ್ಲ. ಜಮಖಂಡಿ ಬೀಗರು ಆ ಲಾರಿ ಮಾರಾಕಿಟ್ಟಾರ, ಯಾರೂ ಮುಟ್ಟವಲ್ರು, ಸಸ್ತಾಕ ಬರತೈತಿ ಅನ್ನೂದೂ ಸುಳ್ಳಲ್ಲ. ಆದರೂ ಅಕ್ಕನ ಗಂಡ ಸತ್ತ ಗಾಡೀನ ತಮ್ಮ ಹೊಡಕೊಂಡ ಬರ್ತೇನಿ ಅಂದ್ರ ಯಾರ ಹೊಟ್ಟಿ ತಡಕೋತೈತಿ?

ಆಗಿದ್ದು ಹಿಂಗ್ರಿ. ಶಿವಗಂಗವ್ವನ ಮಾವ ಮುರಗೆಪ್ಪ ಜಮಖಂಡ್ಯಾಗ ಬೆಲ್ಲದ ವ್ಯಾಪಾರ ಮಾಡಾಂವ. ಯುದ್ಧದ ಕಾಲಕ್ಕ ಈ ಲಾರಿ ತಗೊಂಡ. ಒಬ್ಬನ ಮಗ ಚನಮಲ್ಲಪ್ಪ, ಅವನ ಅದನ್ನ ಹೊಡೀತಿದ್ದ. ಪಂಚಮಿ ಹಬ್ಬಕ್ಕ ತವರಿಂದ ಅಣ್ಣ ತಮ್ಮ ಹೋಗಿ ಹೆಣ್ಮಗಳನ್ನ ಕರಕೊಂಡು ಬರೂದು ನಮ್ಮ ಕಡೆ ರೀತಿ. ಆ ವರ್ಷ ಹೊಳೆಪ್ಪ ಇನ್ನೂ ಮಿಲಿಟರ್ಯಾಗ ಇದ್ದ. ಕರಿಯಾಕ ಯಾರೂ ಬರಲಿಲ್ಲ ಅಂತ ಶಿವಗಂಗವ್ವ ಮಾರಿ ಸಣ್ಣದು ಮಾಡಿದ್ಲಂತ. ಗಂಡ ಅದನ್ನ ನೋಡಿದ, ನಡಿ ನಾನ ಬಿಟ್ಟ ಬರ್ತೇನಿ ಅಂತ ಲಾರ್ಯಾಗ ಕುಂಡ್ರಿಸ್ಕೊಂಡು ಬಂದ. ನನ್ನ ಮನ್ಯಾಗ ಮಜ್ಜಿಗಿ ಕುಡದು, ಅಕ್ಕಾರ ಬರ್ತೇನ್ರಿ ಅಂತ ನಕ್ಕೋತ ತಿರುಗಿ ಹೋದ. ದಾರ್ಯಾಗ ಹಳ್ಳದ ಇಳಕಲಿಗಿ ಲಾರಿ ದಾರಿ ಬಿಟ್ಟು ಕೆಳಗ ಬಿತ್ತು. ಅವನ ಮ್ಯಾಲೆ ಬಿತ್ತು.

ಅವತ್ತ ಶ್ರಾವಣ ಸೋಮವಾರ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮ್ಯಾಲೆ ನೊಗಾ ಇಡಂಗಿಲ್ಲ, ಇದು ನಿಮಗೂ ಗೊತ್ತು. ಲಾರಿಗಿ ಹೆಗಲ ಎಲ್ಲೈತಿ ಅಂತೀರಿ? ಮುರಗೆಪ್ಪನ ಮನ್ಯಾಗ ಲಾರಿಗೂ ಹೆಗಲ ಇತ್ತು. ಅದರ ಮಾರಿ ಮ್ಯಾಲೆ ಬಸವಣ್ಣನ್ನ ಬರಸಿದ್ದ, ಸೋಮವಾರಕ್ಕೊಮ್ಮೆ ತೊಳದು ಈಬತ್ತಿ ಹಚ್ಚಿ ನಿಂದ್ರಸ್ತಿದ್ದ, ಹೊರಗ ತೆಗೀತಿರಲಿಲ್ಲ. ಮಗ ಸತ್ತ ಮ್ಯಾಲೆ ಊರಾಗ ಒಂದ ಮಾತು ಎದ್ದಿತು. ಶ್ರಾವಣ ಸೋಮವಾರ ಹೆಂಡ್ತಿ ಮಾತ ಕೇಳಿ ಗಾಡಿ ಹೂಡಿದ, ಬಸವಣ್ಣ ಬಿಟ್ಟಾನೇನು?

ಆ ಮಾತು ಹೋಗಿ ಬಡದದ್ದು ನನ್ನ ತಂಗಿಗಿ. ಗಂಡನ್ನ ಕಳಕೊಂಡ ದುಃಖ ಒಂದು ಕಡೆ ಇರ್ಲಿ, ಗಂಡನ್ನ ಕೊಂದಾಕಿ ಅನ್ನೂ ಹೆಸರು ಬಂತು. ಓಣ್ಯಾಗ ಬಾಣಂತಿ ಇದ್ದ ಮನಿಗಿ ಈಕಿ ಹೋಗಂಗಿಲ್ಲ. ಗಂಡಸರು ಊರಿಗಿ ಹೊಂಟಾಗ ಈಕಿ ಹೊಸ್ತಲಕ್ಕ ಬರಂಗಿಲ್ಲ. ತಂಗೀನ ನಾಕ ದಿನ ಕಳಸ್ರಿ ಅಂತ ನಾ ಹೇಳಿ ಕಳಿಸಿದ್ನಿ. ತವರಿಗಿ ಹೋಗಿದ್ದು ಸಾಕಾಗಿಲ್ಲೇನು ಅಂತ ಮುರಗೆಪ್ಪ ತಿರುಗಿ ಹೇಳಿ ಕಳಿಸಿದ. ಅಡಕಿಗಿ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತಾರ. ನಮ್ಮ ಹುಡಿಗೀದು ಅಡಕಿಗೂ ಹೋಗಿರಲಿಲ್ಲ, ತವರಿಗಿ ಬಂದದ್ದಕ್ಕ ಹೋಗಿತ್ತು.

ಅದಕ್ಕ ಹೊಳೆಪ್ಪ ಲಾರಿ ನೋಡಾಕ ಹೊಂಟಾಗ ನಾನೂ ಬರ್ತೇನಿ ಅಂದ್ನಿ. ನಾ ಹೊಂಟದ್ದು ಲಾರಿ ನೋಡಾಕಲ್ಲ, ತಂಗೀನ ಕರಕೊಂಡು ಬರಾಕ. ಆ ಮನಿ ಬಾಗಲದಾಗ ಕಾಲಿಡಾಕ ಒಂದು ನೆವ ಬೇಕಾಗಿತ್ತು.

ಶಿವರಾತ್ರಿ ಮುಗಿದಿತ್ತು, ಬಿಸಲ ಏರಾಕತ್ತಿತ್ತು. ಹೊತ್ತ ಹುಟ್ಟೂ ಮುಂಚೆ ಎತ್ತಿನ ಗಾಡಿ ಹೂಡಿ ಹೊಂಟ್ವಿ. ಹೊಳೆಪ್ಪ ದಾರಿ ತುಂಬ ತನ್ನ ಜಾಣತನ ಬಿಚ್ಚಿದ. ಗಾಡಿ ತಗೊಳ್ಳಾಂವ ಮಾರಾಂವನ ಮಾತ ಕೇಳಬಾರದು, ಗಾಡಿ ಮಾತ ಕೇಳಬೇಕಂತ. ನಾ ಅಂದ್ನಿ, ಹೌದೋ ಶಾಣ್ಯಾ, ಸಂತ್ಯಾಗ ಎತ್ತು ತಗೊಳ್ಳಾಂವನೂ ಹಂಗ ಅಂತಾನ, ಮನಿಗಿ ಬಂದ ಮ್ಯಾಲೆ ಎತ್ತು ನೇಗಲದಾಗ ಮಲಗತೈತಿ.  ಹಳ್ಳದ ಇಳಕಲ ಬಂದಾಗ ಹೊಳೆಪ್ಪ ಎತ್ತಿನ ಹಗ್ಗ ಬಿಗಿ ಹಿಡದ. ನಾ ಆ ಕಡೆ ಮಾರಿ ತಿರುವಲಿಲ್ಲ.

ಮುರಗೆಪ್ಪ ನಮ್ಮನ್ನ ಚೆಂದಂಗನ ಕರಕೊಂಡ. ಕಾಲಿಗಿ ನೀರ ಕೊಟ್ಟ, ಬೆಲ್ಲ ನೀರು ಕೊಟ್ಟ. ಹೆಂಡತಿ ಹೋಗಿ ಎಷ್ಟೋ ವರ್ಷ ಆಗಿತ್ತು, ಈಗ ಮಗನೂ ಇಲ್ಲ, ಆ ದೊಡ್ಡ ಮನ್ಯಾಗ ಮಾವ ಸೊಸಿ ಇಬ್ಬರ. ಮನಿಶ್ಯಾ ಸೊರಗಿದ್ದ. ರುಮಾಲ ಮಾತ್ರ ಮೊದಲಿನಂಗ ಬಿಗಿ ಇತ್ತು. ನಾ ಅಡಗಿ ಮನಿಗಿ ಹೋಗಿ ತಂಗಿ ಮಾರಿ ನೋಡಿದ್ನಿ. ಬಾಯಿ ಇದ್ದೂ ಮೂಕಿ ಆಗಿದ್ಲು. ನಡಿ ನನ್ನ ಸಂಗಾಟ ಅಂದ್ರ, ಮಾವಾರು ಒಲ್ಲೆ ಅಂತಾರ ಅಕ್ಕಾ ಅಂದ್ಲು. ಅಷ್ಟ. ಮುಂಜಾನಿಂದ ಸಂಜಿತನಕ ಮನ್ಯಾಗ ಒಂದು ಮಾತ ಆಡದನ ಇರೂದು ರೂಢಿ ಆಗೇತಿ ಅಂದ್ಲು. 

ಲಾರಿ ಹಿತ್ತಲದಾಗ ತಗಡಿನ ಕೆಳಗ ನಿಂತಿತ್ತು. ಒಂದು ಕಡೆ ಮೈ ಚಪ್ಪಟ್ಟಿ ಆಗಿತ್ತು, ಮುಂದಿನ ಎಡಗಾಲಿ ಹೊರಗ ಸೊಟ್ಟ ತಿರುಗಿ ನಿಂತಿತ್ತು. ಒಳಗ ಕೋಳಿ ತತ್ತಿ ಇಟ್ಟಿತ್ತು. ಹೊಳೆಪ್ಪ ಅಂಗಿ ಕಳದ, ಶುರು ಮಾಡಿದ. ಮೊದಲ ಮಾಡಿದ್ದ ಏನಂದ್ರ, ಇಂಜಿನ್ ಮ್ಯಾಲೆ ಕೈ ಇಟ್ಟ, ತಣ್ಣಗ ಐತೋ ಬಿಸಿ ಐತೋ ಅಂತ. ಬಿಸಿ ಇದ್ರ ನಾವು ಬರೂ ಮೊದಲ ಯಾರೋ ಚಾಲೂ ಮಾಡಿ ಇಟ್ಟಾರ ಅಂತ ತಿಳೀಬೇಕಂತ. ಬಿಸಿ ಇಂಜಿನ್ ಎಂಥಾದೂ ಚಾಲೂ ಆಗತೈತಿ, ತಣ್ಣಂದು ಖರೇ ಹೇಳತೈತಿ ಅಂದ. ಮುದಿ ಎತ್ತಿಗಿ ಬೆಲ್ಲಾ ತಿನಿಸಿ ಸಂತಿಗಿ ಹೊಡಕೊಂಡು ಬರ್ತಾರಲ್ಲ, ಹಂಗ ಅಂತ ನನಗೂ ತಿಳೀತು. ಇದು ತಣ್ಣಗ ಇತ್ತು.

ಆಮ್ಯಾಲೆ ಎಣ್ಣಿ ಅಳಿಯೂ ಕಡ್ಡಿ ಎಳದು, ಆ ಎಣ್ಣಿ ಎರಡು ಬಟ್ಟಿನಾಗ ತಿಕ್ಕಿ, ಮೂಸಿ ನೋಡಿದ. ಕಬ್ಬಿಣದ ಪುಡಿ ಸಿಗತೈತೇನು ಅಂತ. ಗೇರಿನ ಪೆಟಿಗಿ ಬಿಚ್ಚಿ ಅದರಾಗೂ ಬಟ್ಟ ಹಾಕಿದ. ಸದ್ದು ಮಾಡೂ ಗೇರಿಗಿ ಕಟಗಿ ಹೊಟ್ಟು ತುಂಬಿ ಮಾರೂ ಮಂದಿ ಇರ್ತಾರಂತ. ಇಲ್ಲಿ ಹೊಟ್ಟು ಇರಲಿಲ್ಲ. ಟಾಯರ ಗುದ್ದಿ ನೋಡಿದ, ಸ್ಪ್ರಿಂಗಿನ ಪಟ್ಟಿ ಒಂದೊಂದಾಗಿ ಬೋಲ್ಟು ಬಿಚ್ಚೂ ಪಾನಾದಿಂದ ಬಡದು ಸದ್ದು ಕೇಳಿದ. ಕುಂಬಾರನ ಮುಂದ ಕುಂತು ಗಡಗಿ ಬಡದು ನೋಡಿದಂಗ ನೋಡಿದ. ಕಡೀಕ ಹ್ಯಾಂಡಲ್ ಹಾಕಿ ತಿರುವಿದ. ಎರಡನೇ ಸಲಕ್ಕ ಚಾಲೂ ಆತು. ಕೋಳಿ ಎದ್ದು ಕೂಗಕೋತ ಓಡಿತು. ಹಿಂದ ಬರೂ ಹೊಗಿ ನೋಡಕೋತ, ಇಂಜಿನ್ ಬಂಗಾರ ಐತಿ ಅಕ್ಕಾ ಅಂತ ನನ್ನ ಕಿವ್ಯಾಗ ಅಂದ.

ಮುರಗೆಪ್ಪ ಬಾಜೂ ನಿಂತಿದ್ದ. ಅವನ ಒಂದು ಗುಣ ನಾ ಹೇಳಬೇಕು, ಕೇಳಿದ್ದಕ್ಕೆಲ್ಲ ಖರೇನ ಹೇಳಿದ. ಟಾಯರ ಮುಗದಾವ. ದೀಪ ಉರಿಯಂಗಿಲ್ಲ. ಬ್ರೇಕು ಸಡ್ಲ ಅದಾವ. ಒಂದನ್ನೂ ಮುಚ್ಚಿಡಲಿಲ್ಲ. ಮಾರಾಂವ ಹಿಂಗ ಎಲ್ಲಾ ತಾನ ಬಿಚ್ಚಿ ಹೇಳೂದು ನಾ ಎಲ್ಲೂ ನೋಡಿಲ್ಲ. ಹೊಳೆಪ್ಪ ಮುಂದಿನ ಸೊಟ್ಟ ಗಾಲಿ ಕಡೆ ಹೊಂಟಾಗ ಮಾತ್ರ ಆತ ಅಡ್ಡ ಬಂದ. ಅದನ್ನೇನ ನೋಡ್ತಿ ತಮ್ಮಾ, ಬಿದ್ದಾಗ ಮುರದೈತಿ, ಹೊಸಾದ ಹಾಕಿಸ್ಕೋ ಅಂದ. ಹೊಳೆಪ್ಪ, ಮುರದದ್ದನ್ನ ನೋಡಲಿಲ್ಲಂದ್ರ ಹೊಸಾದ ಯಾವದ ತರಲಿ ಅಂತ ನಕ್ಕು ಕೆಳಗ ನುಸದ.

ಭಾಳ ಹೊತ್ತ ಬರಲಿಲ್ಲ. ಬಂದಾಗ ಮಾರಿ ಬ್ಯಾರೆ ಆಗಿತ್ತು. ಮೈಯೆಲ್ಲಾ ಎಣ್ಣಿ, ಹಿಂದಿ ಗಿಂದಿ ಎಲ್ಲಾ ಬಿಟ್ಟಿದ್ದ. ಅಕ್ಕಾ, ಇಲ್ಲಿ ಬಾ, ಬಗ್ಗಿ ನೋಡು ಅಂದ.

ಸ್ಟೇರಿಂಗು ತಿರುವಿದ್ರ ಗಾಲಿ ತಿರುಗೂ ಹಂಗ ಎರಡನ್ನೂ ಕೂಡಿಸಿ ಒಂದು ಕಬ್ಬಿಣದ ರಾಡು ಇರತೈತಂತ. ಅದು ನಡುವ ಮುರದಿತ್ತು. ಒಂದು ತುಂಡು ಗಾಡ್ಯಾಗ ಜೋತಾಡತಿತ್ತು, ಇನ್ನೊಂದು ಇರಲಿಲ್ಲ. ಇದ್ದ ತುಂಡಿನ ಬಾಯಿ ನನಗ ತೋರಿಸಿದ. ಮುರದ ಬಾಯಿ ಒಂದ ಬಣ್ಣ ಇರಲಿಲ್ಲ. ಮುಕ್ಕಾಲ ಪಾಲು ಕರ್ರಗ, ಎಣ್ಣಿ ಮಣ್ಣು ಕುಡದು ಕುಂತಿತ್ತು. ಒಂದು ಅಂಚಿಗಿ ಮಾತ್ರ ಉಗರಿನಷ್ಟು ಜಾಗಾ ಕೆಂಪಗ, ತುಕ್ಕ ಹಿಡದಿತ್ತು.

ನನಗ ಮೊದಲ ತಿಳೀಲಿಲ್ಲ. ಅವ ತಿಳಿಸಿ ಹೇಳಿದ. ಬೀಳೂದರಾಗ ಮುರದಿದ್ರ ಬಾಯಿ ಪೂರಾ ಒಂದ ಬಣ್ಣ ಇರಬೇಕಾಗಿತ್ತು. ಈ ಕರೇದು ಹಳೇ ಸೀಳು. ಒಡದ ಗಡಗಿ ಸೀಳಿನಾಗ ಸಾರು ಇಳದು ಕರ್ರಗ ಆಗತೈತಲ್ಲ, ಹಂಗ ತಿಂಗಳಗಟ್ಟಲೆ ಎಣ್ಣಿ ಇಳದೈತಿ. ಗಾಡಿ ಬೀಳೂ ಎಷ್ಟೋ ಮೊದಲ ಈ ರಾಡು ಸೀಳಿತ್ತು. ಉಗರಿನಷ್ಟು ಜಾಗಾದ ಮ್ಯಾಲೆ ಲಾರಿ ಓಡತಿತ್ತು. ಅವತ್ತ ಇಳಕಲಿಗಿ ಅದೂ ಹೋತು. ಸ್ಟೇರಿಂಗು ಕೈಯಾಗ ಇತ್ತು, ಗಾಲಿ ತನಗ ಬೇಕಾದ ಕಡೆ ಹೋತು.

“ಚನಮಲ್ಲಪ್ಪ ಮಾವನ ತಪ್ಪಲ್ಲ ಅಕ್ಕಾ,” ಅಂದ ಹೊಳೆಪ್ಪ. “ಶಿವಗಂಗಕ್ಕನ ತಪ್ಪೂ ಅಲ್ಲ. ಅವತ್ತ ಸೋಮವಾರ ಇರ್ಲಿ ಬುಧವಾರ ಇರ್ಲಿ, ಇದು ಮುರಿಯೂದ ಇತ್ತು.”

 ನನಗ ಸಿಟ್ಟು ಬಂತು. ಎಂಟು ತಿಂಗಳ ನನ್ನ ತಂಗಿ ಗ್ವಾಡಿಗಿ ಮಾರಿ ಮಾಡಿ ಬದಕ್ಯಾಳ, ಒಂದು ತುಂಡು ಕಬ್ಬಿಣದ ಸಲುವಾಗಿ! ನಾ ಮುರಗೆಪ್ಪನ ಮುಂದ ಹೋಗಿ ನಿಂತ್ನಿ. ಬೀಗರು, ಹಿರೇರು, ಸೆರಗು, ಮರ್ಯಾದಿ, ಏನೂ ನೆನಪ ಉಳೀಲಿಲ್ಲ. ಬಂದು ನೋಡ್ರಿ, ನಿಮ್ಮ ಬಸವಣ್ಣ ಕೊಂದಾನೋ ನಿಮ್ಮ ಗಾಡಿ ಕೊಂದೈತೋ ನೋಡ್ರಿ ಅಂತ ಹಿತ್ತಲಾ ಹಾರಿ ಹೋಗೂಹಂಗ ಕೂಗಿದ್ನಿ. ಮುರಗೆಪ್ಪ ಬಗ್ಗಿ ನೋಡಲಿಲ್ಲ. ಬಿದ್ದಾಗ ಮುರದೈತಿ ಅಂತ ಮತ್ತ ಅಂದ. ಹೊಳೆಪ್ಪ ತಣ್ಣಗನ ಕೇಳಿದ, ಇನ್ನೊಂದು ತುಂಡ ಎಲ್ಲೈತ್ರಿ, ಎರಡೂ ಕೂಡಿಸಿ ನೋಡಿದ್ರ ಸಣ್ಣ ಕೂಸಿಗೂ ಗೊತ್ತಾಗತೈತಿ. ಹಳ್ಳದಾಗ ಹೋತು, ಸಿಗಲಿಲ್ಲ ಅಂದ ಮುರಗೆಪ್ಪ.

ಆಗ ಹಿತ್ತಲ ಬಾಗಲದಾಗ ಶಿವಗಂಗವ್ವ ಬಂದು ನಿಂತಿದ್ಲು. ಮಾವನ ಎದುರಿಗಿ ಆಕಿ ಎಂದೂ ಬಾಯಿ ತೆರದಾಕಿ ಅಲ್ಲ.

“ಜಗಲಿ ಮ್ಯಾಲೆ ಐತಲ್ರಿ ಮಾವಾರ,” ಅಂದ್ಲು. “ದೇವರ ಹಿಂದ, ಧೋತರದ ಚೂರಿನಾಗ ಸುತ್ತಿದ್ದು. ನಾ ದಿನಾ ಕಸಾ ಹೊಡೀತೇನ್ರಿ ಅಲ್ಲಿ. ಮಗನ ನೆನಪಿಗಿ ಇಟ್ಟೀರಿ ಅಂತ ಮಾಡಿದ್ನಿ.”

 ಇಂಜಿನ್ ಇನ್ನೂ ಗುರುಗುಟ್ಟತಿತ್ತು, ಹೊಳೆಪ್ಪ ಹೋಗಿ ಬಂದ್ ಮಾಡಿದ. ಮುರಗೆಪ್ಪ ಒಳಗ ಹೋದ. ಸಿಟ್ಟಿಗೆದ್ದು ಹೋದ, ಇನ್ನ ಬರಂಗಿಲ್ಲ ಅಂತ ನಾ ಮಾಡಿದ್ನಿ. ಆದರ ಬಂದ. ಧೋತರದ ಚೂರ ಬಿಚ್ಚಿ ತುಂಡ ಹೊಳೆಪ್ಪನ ಕೈಯಾಗಿಟ್ಟ. ಅದಕ್ಕ ದಿನಾ ಎಣ್ಣಿ ಒರಸಿದ್ದ ಕಾಣತೈತಿ, ಒಂದ ಚೂರೂ ತುಕ್ಕ ಇರಲಿಲ್ಲ. ಕರೇ ಪಾಲು ಕರ್ರಗ, ಉಗರಿನಷ್ಟು ಜಾಗಾ ಬೆಳ್ಳಗ ಹೊಳೀತಿತ್ತು. ಗಾಡ್ಯಾಗಿನ ತುಂಡ ಬಿಚ್ಚಿ ಎರಡೂ ಕೂಡಿಸಿದ್ರ ಕರಾರುವಾಕ್ ಕೂಡಿದ್ವು.

ಶಿವಗಂಗವ್ವ ಮುಂದ ಬಂದು ನೋಡಿದ್ಲು. ನೋಡಿ ಮಾವನ ಕಡೆ ತಿರುಗಿದ್ಲು. ಆಕಿ ದನಿ ಏರಲಿಲ್ಲ, ನನಗ ಅದ ಹೆಚ್ಚ ಬಡೀತು.

“ಅವ್ರು ನಿಮಗ ಹೇಳಿದ್ರಲ್ರಿ. ಗಾಡಿ ಎಡಕ್ಕ ಜಗ್ಗತೈತಿ, ಕೈಯಾಗ ನಿಂದ್ರವಲ್ದು, ಬೆಳಗಾವಿಗಿ ಒಯ್ದು ತೋರಸೂನು ಅಂತ. ಸುಗ್ಗಿ ಮುಗೀಲಿ ಅಂದ್ರಿ. ಸುಗ್ಗಿ ಮುಗೀತು, ಮತ್ತ ಹೇಳಿದ್ರು. ಶ್ರಾವಣ ಹೋಗ್ಲಿ ಅಂದ್ರಿ.”

ಮುರಗೆಪ್ಪ ಕೆಳಗ ಕುಂತ, ಮಣ್ಣಾಗ. ಅಂಥಾ ಗಂಡಸು ಹಂಗ ಕುಂತದ್ದ ನಾ ನೋಡಿರಲಿಲ್ಲ. ನನಗ ಗೊತ್ತಿತ್ತವಾ ಅಂದ. ಮಂಗಳವಾರ ಎತ್ತು ಹೂಡಿ ಗಾಡಿ ಮ್ಯಾಲೆ ಎಳಸಿದಾಗನ ಆ ತುಂಡು ಸಿಕ್ಕಿತ್ತಂತ. ಗಾಡಿ ಅಚ್ಚು ಮುರದದ್ದನ್ನ ಜನ್ಮೆಲ್ಲಾ ನೋಡಿದ ಮನಿಶ್ಯಾ, ಹಳೇ ಸೀಳು ಯಾವದು, ಹೊಸಾದು ಯಾವದು ಆತಗ ಹೇಳಿಕೊಡಬೇಕಾಗಿರಲಿಲ್ಲ. ಮಗ ಹೇಳಿದ್ದು, ತಾ ಮುಂದಕ ಹಾಕಿದ್ದು, ಎಲ್ಲಾ ಆ ಹಳ್ಳದಾಗ ನಿಂತಾಗನ ತಿಳೀತು. ಆ ತಿಳಿದದ್ದನ್ನ ಹೊತ್ತಕೊಂಡು ಮನಿಗಿ ಬರಾಕ ಆಗಲಿಲ್ಲ.

“ಸೋಮವಾರ ಅಂತ ಮೊದಲ ಅಂದಾಂವ ನಾನ,” ಅಂದ. “ಮಂದಿ ಹೌದು ಅಂದ್ರು. ಬರಬರತ ನನಗೂ ಹೌದು ಅನಸಾಕತ್ತು.”

ಆತ ಅಳತಿದ್ದ. ನನಗ ಕನಿಕರ ಬರಲಿಲ್ಲ, ಸುಳ್ಳ ಯಾಕ ಹೇಳಲಿ? ಎಲ್ಲಿ ನಿಂತ ಮೊದಲ ಅಂದಿದ್ರಿ, ಅಲ್ಲೇ ಹೋಗಿ ಈಗ ಇದನ್ನ ಅನ್ರಿ ಅಂದ್ನಿ. ಹಿತ್ತಲದಾಗ ಅತ್ತು ಮುಗಿಸಿದ್ರ ನನ್ನ ತಂಗಿ ಹೆಸರ ತೊಳೀತೈತೇನು?

ಆತ ಎದ್ದ. ರುಮಾಲ ಸುತ್ತಿಕೊಂಡ, ಎರಡೂ ತುಂಡ ಕೈಯಾಗ ಹಿಡದು ಬಸವಣ್ಣನ ಗುಡಿ ಕಟ್ಟಿಗಿ ಹೋದ. ಹೊಳೆಪ್ಪ ಹಿಂದ, ನಾ ಇನ್ನಷ್ಟು ಹಿಂದ. ಕಟ್ಟಿ ಮ್ಯಾಲೆ ದಿನಾ ಕುಂಡ್ರೂ ಹಿರೇರು ಇದ್ರು. ಮುರಗೆಪ್ಪ ಒಂದೂ ಬಿಡದ ಹೇಳಿದ, ತಾ ಮುಂದಕ ಹಾಕಿದ್ದೂ ಹೇಳಿದ. ತುಂಡ ಕೈಯಿಂದ ಕೈಗಿ ಹೋದ್ವು. ಕಡೀಕ ಹಾಲಸಿದ್ದಪ್ಪನ ಕೈಗಿ ಬಂದ್ವು. ಆತ ಆ ಕಟ್ಟಿ ಮ್ಯಾಲೆ ಎಲ್ಲಾರಿಗಿಂತ ಹಿರ್ಯಾ, ಆತ ಅಂದದ್ದ ಮಾತು. ತುಂಡ ತಿರುವಿ ಮುರುವಿ ನೋಡಿದ, ಬಟ್ಟಿಲೆ ಸವರಿದ.

“ಸೀಳು ಹಳೇದ ಇರ್ಲಿ, ಮುರಗೆಪ್ಪಾ,” ಅಂದ. “ಮುರದದ್ದು ಯಾವ ವಾರ?”

ಎಲ್ಲಾರೂ ಹೌದ ಹೌದ ಅಂತ ತಲಿ ಅಲ್ಲಾಡಿಸಿದ್ರು. ಅಷ್ಟು ತಿಂಗಳ ಮುರೀಲಾರದ್ದು ಸೋಮವಾರನ ಯಾಕ ಮುರೀಬೇಕು, ಅದನ್ನ ಹೇಳು ಅಂತ ಒಬ್ಬ ಅಂದ. ಮಗನ ದುಃಖ, ತಲಿ ನೆಟ್ಟಗಿಲ್ಲ, ಬೀಗರು ಬ್ಯಾರೆ ಬಂದಾರ ಅಂತ ಇನ್ನೊಬ್ಬ ಮೆಲ್ಲಕ ಅಂದ, ನನಗ ಕೇಳಸೂಹಂಗ. ನನಗ ಬಾಯಿಗಿ ಬಂದದ್ದು ಬಯ್ಯಬೇಕು ಅನಸಿತ್ತು. ಬಯ್ದ್ರ ಏನ ಬಂತು? ಗ್ವಾಡಿಗಿ ಕಲ್ಲ ಹೊಡದ್ರ ಕಲ್ಲ ತಿರುಗಿ ನಮ್ಮ ಹಣಿಗೇ. ಮುರಗೆಪ್ಪ ತುಂಡ ಇಸಕೊಂಡು ತಲಿ ಕೆಳಗ ಹಾಕಿ ಮನಿಗಿ ಬಂದ.

ಪಡಸಾಲ್ಯಾಗ ಕುಂತ. ಆಮ್ಯಾಲೆ ಹೊಳೆಪ್ಪನ್ನ ಕರದು, ಹೊಸಾ ರಾಡು ತಂದು ಹಾಕು, ಗಾಡಿ ನಿಂದು ಅಂದ. ಆದರ ನಾ ಹೇಳಿದ ದಿನ ಒಯ್ಯಬೇಕು, ಸೋಮವಾರ ಒಯ್ಯಬೇಕು ಅಂದ. ನಾ ನಿನ್ನ ಬಾಜೂ ಕುಂಡ್ರತೇನಿ, ಸೊಸೀನ್ನ ತವರಿಗಿ ನಾನ ಬಿಟ್ಟು ಬರ್ತೇನಿ ಅಂದ.

ಆಗ ನಮ್ಮ ಶೂರನ ಮಾರಿ ನೋಡಬೇಕಾಗಿತ್ತು ನೀವು. ಬಾಂಬ್ ಬೀಳೂದರಾಗ ಲಾರಿ ಹೊಡದಾಂವ, ಯಾವ ವಾರ ಆದ್ರೂ ಮುರಿಯೂದ ಇತ್ತು ಅಂತ ನನಗ ಪಾಠ ಹೇಳಿದಾಂವ, ಮಂಗಳವಾರ ಒಯ್ದ್ರ ಆಗೂದಿಲ್ಲೇನ್ರಿ ಅಂತ ಮೆಲ್ಲಕ ಕೇಳಿದ. ನಗಬೇಕಂದ್ನಿ, ನಗಿ ಬರಲಿಲ್ಲ. ನನ್ನ ಎದೀನೂ ಧಡಕ್ ಅಂದಿತ್ತು. ಹಾಲು ಕುಡದಾಗಿಂದ ಕೇಳಿದ್ದು ಎಲ್ಲಿ ಹೋಗಬೇಕು? ಒಬ್ಬ ತಮ್ಮ, ಒಬ್ಬ ತಂಗಿ, ಇಬ್ಬರೂ ಆ ಗಾಡ್ಯಾಗ, ಅದ ದಾರಿ, ಅದ ವಾರ. ಬ್ಯಾಡ ಅನ್ನೂ ಮಾತು ಗಂಟಲತನಕ ಬಂತು. ಆಗ ಶಿವಗಂಗವ್ವ ಅಂದ್ಲು, ಹೊಳೆಪ್ಪಾ, ಗಾಡಿ ಛಲೋ ಆದ್ರ ಹೊಡಿ, ಛಲೋ ಆಗಲಿಲ್ಲಂದ್ರ ಯಾವ ವಾರನೂ ಹೊಡೀಬ್ಯಾಡ.

ಹೊಳೆಪ್ಪ ಬೆಳಗಾವಿಗಿ ಹೋಗಿ ರಾಡು ತಂದ. ಎತ್ತು ಗಾಡಿ ರಬಕವಿಗಿ ಹೊಂಟವರ ಕೈಯಾಗ ಕಳಿಸಿ, ನಾ ತಂಗಿ ಹಂತ್ಯಾಕನ ಉಳದ್ನಿ. ರಾಡು ಹಾಕಿದ, ಬ್ರೇಕು ಬಿಗಿ ಮಾಡಿದ, ಟಾಯರ ಬದಲ ಮಾಡಿದ. ಹಿತ್ತಲದಾಗ ಹಿಂದ ಮುಂದ ಓಡಿಸಿದ, ನಿಂದ್ರಿಸಿದ, ಮತ್ತ ಕೆಳಗ ನುಸದು ಒಂದೊಂದು ಬೋಲ್ಟು ಹಿಡದು ಜಗ್ಗಿ ನೋಡಿದ. ಈ ಸಲ ಪುರಾಣ ಹೇಳಲಿಲ್ಲ. ಅವಗೂ ಹೆದರಿಕಿ ಇತ್ತು, ಅದಕ್ಕ ಅಷ್ಟ ಛಲೋ ನೋಡಿದ.

ಸೋಮವಾರ ಮುಂಜಾನೆ ಮುರಗೆಪ್ಪ ಜಳಕಾ ಮಾಡಿ, ಲಿಂಗಪೂಜಿ ಮಾಡಿ, ಲಾರಿ ಮಾರಿ ಮ್ಯಾಲಿನ ಬಸವಣ್ಣಗ ಈಬತ್ತಿ ಹಚ್ಚಿದ. ಕೈ ಮುಗದು ಭಾಳ ಹೊತ್ತ ನಿಂತ. ಏನ ಬೇಡಕೊಂಡ ಅಂತ ನಾ ಕೇಳಲಿಲ್ಲ. ಮುಂದ ಹೊಳೆಪ್ಪ, ನಡುವ ಶಿವಗಂಗವ್ವ, ಅಂಚಿಗಿ ಆತ ಕುಂತ್ರು. ನಾ ಹಿಂದ ಹುಲ್ಲಿನ ಮ್ಯಾಲೆ, ಮುಂದಿನ ಹಲಗಿ ಹಿಡಕೊಂಡು ಕುಂತ್ನಿ.

ಗುಡಿ ಕಟ್ಟಿ ಮುಂದ ಹಾಯೂದ ಬಿಟ್ರ ಬ್ಯಾರೆ ದಾರಿ ಇತ್ತು. ಮುರಗೆಪ್ಪ ಕಟ್ಟಿ ಮುಂದನ ಹೊಡಿಸಿದ, ಅಲ್ಲಿ ನಿಂದ್ರಿಸಿದ. ಸೋಮವಾರ, ಎತ್ತಿಗಿ ಸೂಟಿ, ಕಟ್ಟಿ ತುಂಬ ಮಂದಿ ಇದ್ರು. ಆತ ಇಳೀಲಿಲ್ಲ, ಕುಂತಲ್ಲಿಂದನ ಹಾಲಸಿದ್ದಪ್ಪಗ ಹೇಳಿದ:

“ಸೊಸೀನ್ನ ತವರಿಗಿ ಬಿಡಾಕ ಹೊಂಟೇನಿ. ಸಂಜಿಗಿ ಇದ ಗಾಡ್ಯಾಗ, ಇದ ದಾರೀಲೆ ತಿರುಗಿ ಬರ್ತೇನಿ. ಬರಲಿಲ್ಲಂದ್ರ ಅದಕ್ಕೂ ನನ್ನ ಹೆಸರ ಹೇಳ್ರಿ, ಆಕೀದು ಹೇಳಬ್ಯಾಡ್ರಿ.”

 ಹಾಲಸಿದ್ದಪ್ಪ ಕೈ ಎತ್ತಿದ. ಬ್ಯಾಡ ಅನ್ನಾಕ ಎತ್ತಿದ್ನೋ, ಹೋಗಿ ಬಾ ಅನ್ನಾಕ ಎತ್ತಿದ್ನೋ ನನಗ ತಿಳೀಲಿಲ್ಲ. ಗಾಡಿ ಮುಂದ ಹೋತು.

ಊರ ದಾಟಿದ ಮ್ಯಾಲೆ ಮುರಗೆಪ್ಪನ ಧೈರ್ಯ ಇಳೀತು. ಬಾಗಲಾ ಬಿಗಿ ಹಿಡಕೊಂಡದ್ದು ನನಗ ಹಿಂದಿಂದ ಕಾಣತಿತ್ತು. ಹಳ್ಳದ ಇಳಕಲ ಹತ್ತರ ಬಂದಂಗ ಆತ ಕಣ್ಣ ಮುಚ್ಚಿದ, ಬಾಯಾಗ ಶಿವಶಿವಾ ಅನ್ನಾಕತ್ತ. ಹೊಳೆಪ್ಪ ಗೇರ ಇಳಿಸಿದ, ಬೆವರ ಒರಸ್ಕೊಂಡ. ನಾ ಹಲಗಿ ಹಂಗ ಹಿಡದಿದ್ನಿ, ಬಟ್ಟ ಸೆಟದ್ವು. ಗಾಡಿ ಹೆಜ್ಜಿ ಹೆಜ್ಜಿ ಇಟ್ಟಂಗ ಇಳದು ಕೆಳಗಿನ ಸಮಾ ಜಾಗಾಕ್ಕ ಬಂತು. ಏನೂ ಆಗಲಿಲ್ಲ.

ಹೊಳೆಪ್ಪಾ ನಿಂದ್ರಸು ಅಂದ್ಲು ಶಿವಗಂಗವ್ವ. ಅವ ನಿಂದ್ರಸಿದ. ಆಕಿ ಮಾವನ ಕಡೆ ತಿರುಗಿ, ಕಣ್ಣ ತೆರೀರಿ ಅಂದ್ಲು.

“ಅವ್ರು ಎಲ್ಲಿ ಬಿದ್ದಿದ್ರು ನಾ ನೋಡಿಲ್ರಿ. ನನಗ ಯಾರೂ ಇಲ್ಲಿಗಿ ಕರಕೊಂಡು ಬರಲಿಲ್ಲ. ತೋರಸ್ರಿ.”

ಆತ ಇಳದ. ಆಕಿ ಇಳದ್ಲು, ನಾವೂ ಇಳದ್ವಿ. ಹಳ್ಳದ ಅಂಚಿಗಿ ಹೋಗಿ ಆತ ಕೈ ಮಾಡಿ ತೋರಿಸಿದ. ಒಂದಿಷ್ಟು ಜಾಲಿ ಕಂಟಿ, ಬಿಳೇ ಕಲ್ಲು, ಬತ್ತಿದ ಹಳ್ಳ, ಅಷ್ಟ ಇತ್ತು ಅಲ್ಲಿ. ತಲಿ ಯಾವ ಕಡೆ ಇತ್ತು, ಮಾತಾಡಿದ್ರೇನು ಅಂತ ಆಕಿ ಕೇಳಿದ್ಲು. ಇಲ್ಲವ್ವ, ನಾ ಬರೂದ್ರಾಗ ಮುಗದಿತ್ತು ಅಂದ ಆತ. ಶಿವಗಂಗವ್ವ ಆ ಕಲ್ಲಿನ ಮ್ಯಾಲೆ ಕುಂತು ಅತ್ಲು. ಆಕಿ ಅತ್ತದ್ದ ನಾ ಅವತ್ತ ಮೊದಲ ನೋಡಿದ್ನಿ. ಸತ್ತ ದಿನ ಎಲ್ಲಾರೂ ಆಕಿ ಮಾರಿ ನೋಡತಿದ್ರು, ಕೊಂದಾಕಿ ಹೆಂಗ ಅಳತಾಳ ಅಂತ. ಆಗ ಆಕಿಗಿ ಅಳೂ ಬಂದಿರಲಿಲ್ಲ.

ನಾ ಹೋಗಿ ಹೆಗಲ ಮ್ಯಾಲೆ ಕೈ ಇಟ್ನಿ. ನಡಿ ತಂಗಿ, ಮನಿಗಿ ಹೋಗೂನು, ಇನ್ನ ನೀ ಅಲ್ಲಿಗಿ ಹೋಗೂದು ಬ್ಯಾಡ, ನನ್ನ ಮನ್ಯಾಗ ಇರು ಅಂದ್ನಿ. ಆಕಿ ಕಣ್ಣ ಒರಸ್ಕೊಂಡು ಎದ್ದು ನಿಂತ್ಲು. ಮಾವ ಅಂಚಿಗಿ ಒಬ್ಬನ ನಿಂತು ಕೆಳಗ ನೋಡಾಕತ್ತಿದ್ದ. ರುಮಾಲ ಸಡ್ಲ ಆಗಿತ್ತು, ಅದರ ಖಬರ ಇರಲಿಲ್ಲ.

“ಬರ್ತೇನಿ ಅಕ್ಕಾ,” ಅಂದ್ಲು. “ಇವತ್ತ ಉಣತೇನಿ. ಸಂಜಿಗಿ ಮಾವಾರ ಸಂಗಾಟ ತಿರುಗಿ ಹೋಗತೇನಿ. ಅವತ್ತ ಅವ್ರನ್ನ ಒಬ್ಬರನ್ನ ಈ ದಾರೀಲೆ ಕಳಿಸಿದ್ನಿ. ಇವ್ರನ್ನ ಕಳಸೂದಿಲ್ಲ.”

ನನಗ ಸಿಟ್ಟು ನೆತ್ತಿಗೇರಿತು. ನಾ ಬಂದದ್ದು ಯಾತಕ್ಕ, ಎಂಟು ತಿಂಗಳ ನಿನ್ನ ಮೂಕಿ ಮಾಡಿ ಕುಂಡ್ರಿಸಿದ ಮನಿಶ್ಯಾ, ಅವನ ಹಿಂದ ಹೊಂಟಿಯಲ್ಲ ಹುಚ್ಚಿ, ಇವೆಲ್ಲಾ ನಾಲಿಗಿ ತುದೀಗಿ ಬಂದಿದ್ವು. ಆಕಿ ಮಾರಿ ನೋಡಿದ್ನಿ. ಯಾರೂ ಹೇಳಿಕೊಟ್ಟ ಮಾತ ಆಡಿರಲಿಲ್ಲ ಆಕಿ. ಬಾಯಿ ಮುಚ್ಚಿಕೊಂಡು ಹಿಂದ ಹೋಗಿ ಹುಲ್ಲಿನ ಮ್ಯಾಲೆ ಹತ್ತಿ ಕುಂತ್ನಿ, ಹೊಳೆಪ್ಪ ಹ್ಯಾಂಡಲ್ ಹೊಡದ.